ಟ್ಯಾಂಕಿನ ನೆಗ್ಗಿಗೆ ಬಣ್ಣವೇ ಮದ್ದಲ್ಲ

ಹುನಗುಂದದ ಎರೆಮಣ್ಣಿನ ಮೇಲೆ ಒಂದು ಒಳ್ಳೆಯ ಮಳೆ ಬಿದ್ದ ಮರುದಿನ ಬೈಕನ್ನು ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಎದುರಿನ ಅಂಗಡಿಯಲ್ಲಿ ಚಾ ಕುಡಿದು ಬನ್ನಿ. ಅಷ್ಟರಲ್ಲಿ ಸ್ಟ್ಯಾಂಡ್ ಮಣ್ಣಿನೊಳಗೆ ಇಳಿದು ಬೈಕ್ ಮಲಗಿದ್ದರೆ ಆಶ್ಚರ್ಯವಿಲ್ಲ. ಬರೀ ಮಣ್ಣಿನ ಮೇಲೆ ಬಿದ್ದರೆ ಅದೃಷ್ಟ. ಪಕ್ಕದ ಬೈಕಿನ ಹ್ಯಾಂಡಲ್ ಮೇಲೋ ಕಲ್ಲಿನ ಮೇಲೋ ಬಿದ್ದರೆ ಪೆಟ್ರೋಲ್ ಟ್ಯಾಂಕಿನ ಹೊಟ್ಟೆಗೆ ಒಂದು ನೆಗ್ಗು ಖಾಯಂ. ಇಳಕಲ್ ಕಡೆ ಹೋದರೆ ಗರಸು ಮತ್ತು ಗ್ರಾನೈಟಿನ ಚೂರು. ಬಾದಾಮಿಯ ಗುಹೆಗಳ ಕೆಳಗೆ ಬೈಕ್ ನಿಲ್ಲಿಸಿದವರಿಗೆ ಕೋತಿಗಳ ಕಾಟ ಬೇರೆ. ಬಾಗಲಕೋಟೆಯ ಹಳೇ ಊರಿನ ಇಕ್ಕಟ್ಟು ಓಣಿಯಲ್ಲಿ ಬೈಕಿಗೆ ಬೈಕ್ ತಾಗಿಸಿ ನಿಲ್ಲಿಸಿರುತ್ತಾರೆ, ಒಂದನ್ನು ಎಳೆದರೆ ಮೂರು ಬೀಳುತ್ತವೆ.

ಕರಾವಳಿಯ ಓದುಗರಿಗೆ ಆ ಊರುಗಳ ಮಾತು ಯಾಕೆ ಅಂತ ಕೇಳಬಹುದು. ಇಳಕಲ್, ಹುನಗುಂದದ ಮೇಲೆ ಹಾದುಹೋಗುವ ಇಂದಿನ ರಾಷ್ಟ್ರೀಯ ಹೆದ್ದಾರಿ 50 ಹಿಂದೆ 13ನೇ ನಂಬರಿನ ಹೆದ್ದಾರಿಯ ಭಾಗವಾಗಿತ್ತು. ಸೊಲ್ಲಾಪುರದಲ್ಲಿ ಶುರುವಾಗಿ ಚಿತ್ರದುರ್ಗ, ಶಿವಮೊಗ್ಗ ದಾಟಿ ಮಂಗಳೂರಿಗೆ ಬಂದು ಮುಗಿಯುತ್ತಿದ್ದ ರಸ್ತೆ ಅದು. ವ್ಯಾಪಾರಕ್ಕೆ ಆ ದಾರಿ ಹಿಡಿದವರು ನಮ್ಮಲ್ಲಿದ್ದಾರೆ. ಈಗ ರಜೆ ಸಿಕ್ಕರೆ ಬುಲೆಟ್ ಏರಿ ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡಲು ಹೋಗುವ ನಮ್ಮ ಹುಡುಗರೂ ಇದ್ದಾರೆ. ಹೋಗುವಾಗ ಇದ್ದ ಟ್ಯಾಂಕ್ ಬರುವಾಗ ಹಾಗೇ ಇರುತ್ತದೆ ಅಂತ ಹೇಳಲಿಕ್ಕಾಗದು.

ನನ್ನ ತಕರಾರು ಬೀಳುವುದರ ಬಗ್ಗೆ ಅಲ್ಲ, ಬಿದ್ದ ಮೇಲೆ ನಾವು ಮಾಡಿಸುವ ರಿಪೇರಿಯ ಬಗ್ಗೆ. ಟ್ಯಾಂಕ್ ನೆಗ್ಗಿತು ಅಂದ ಕೂಡಲೇ ಡೆಂಟಿಂಗ್-ಪೇಂಟಿಂಗ್ ಅಂಗಡಿಗೆ ಓಡುತ್ತೇವೆ. ಬಾಗಲಕೋಟೆಯಲ್ಲಾದರೆ "ಏನ್ ಚಿಂತಿ ಮಾಡಬ್ಯಾಡ್ರಿ ಸಾಹೇಬ್ರ, ನಾಳೆ ಸಂಜಿಮುಂದ ಬರ್ರಿ" ಅನ್ನುತ್ತಾರೆ. ಮಂಗಳೂರಿನಲ್ಲಾದರೆ "ಟೆನ್ಶನ್ ಮಾಡ್ಬೇಡಿ ಕಾಕ, ಎರಡು ದಿನ ಬಿಡಿ, ಕಂಪೆನಿ ಫಿನಿಶ್ ಬರ್ತದೆ" ಅನ್ನುತ್ತಾರೆ. ಎರಡೂ ಕಡೆ ನಡೆಯುವ ಕೆಲಸ ಒಂದೇ. ಇದ್ದ ಬಣ್ಣವನ್ನು ಉಜ್ಜಿ ತೆಗೆಯುತ್ತಾರೆ. ತಗ್ಗನ್ನು ಒಂದಿಷ್ಟು ಎಳೆಯುತ್ತಾರೆ, ಕೆಲವರು ಎಳೆಯುವುದೂ ಇಲ್ಲ. ಉಳಿದ ತಗ್ಗಿಗೆ ಪುಟ್ಟಿ ಮೆತ್ತಿ, ಒಣಗಿಸಿ, ತಿಕ್ಕಿ, ಪ್ರೈಮರ್ ಹೊಡೆದು ಬಣ್ಣ ಹಾಕುತ್ತಾರೆ. ಎಂಟಾಣೆ ಬಿಲ್ಲೆಯಷ್ಟು ನೆಗ್ಗಿಗೆ ಅರ್ಧ ಟ್ಯಾಂಕ್ ಬಣ್ಣ, ಬಣ್ಣ ಹೊಂದಲಿಲ್ಲ ಅಂದರೆ ಪೂರ್ತಿ ಟ್ಯಾಂಕ್ ಬಣ್ಣ.

ಬಣ್ಣ ಒಡೆಯದೆ ಬರೀ ಲೋಹ ಒಳಗೆ ಹೋಗಿದ್ದರೆ ಈ ಕೆಲಸ ಮಾಡಿಸಲೇಬಾರದು ಎಂಬುದು ನನ್ನ ಅಭಿಪ್ರಾಯ. ಮೊದಲು ಬಣ್ಣ ಮುಟ್ಟದೆ ನೆಗ್ಗು ತೆಗೆಯಲಾಗುತ್ತದೋ ನೋಡಬೇಕು. ಆಗದಿದ್ದರೆ, ಪೆಟ್ರೋಲ್ ಸೋರದಿದ್ದರೆ, ಹಾಗೇ ಬಿಡಬೇಕು. ಸೋರುತ್ತಿದ್ದರೆ ಅಥವಾ ಟ್ಯಾಂಕಿನ ಆಕಾರವೇ ಕೆಟ್ಟಿದ್ದರೆ ಬೇರೆ ಟ್ಯಾಂಕ್ ಹಾಕಬೇಕು. ಪುಟ್ಟಿ ಮತ್ತು ಬಣ್ಣದ ಸರದಿ ಇವೆಲ್ಲದರ ನಂತರ.

ಬಣ್ಣ ಮುಟ್ಟದೆ ನೆಗ್ಗು ತೆಗೆಯುವುದಕ್ಕೆ ಪೇಂಟ್‌ಲೆಸ್ ಡೆಂಟ್ ರಿಪೇರಿ ಅನ್ನುತ್ತಾರೆ, ಕೆಲಸಗಾರರ ಬಾಯಲ್ಲಿ ಪಿಡಿಆರ್. ಆಲಿಕಲ್ಲು ಮಳೆ ಜೋರಾಗಿರುವ ಅಮೆರಿಕ, ಜರ್ಮನಿಯಂಥ ದೇಶಗಳಲ್ಲಿ ಕಾರುಗಳಿಗೆ ಇದು ದೊಡ್ಡ ಉದ್ಯೋಗ. ಗಲ್ಫಿನ ಗ್ಯಾರೇಜುಗಳಲ್ಲಿ ದುಡಿದು ಬಂದ ನಮ್ಮವರಿಗೂ ಇದು ಗೊತ್ತಿರುತ್ತದೆ. ತತ್ವ ನೋಡಿದರೆ ನಮಗೇನೂ ಹೊಸದಲ್ಲ. ಹಿಂದೆ ಓಣಿಗೆ ಬಂದು ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು ನೆಗ್ಗಿದ ಚೆರಿಗೆಯನ್ನು ಒಳಗಿನಿಂದ ಬಡಿದು ಸರಿ ಮಾಡಿ ಕೊಡುತ್ತಿದ್ದರಲ್ಲ, ಅದೇ. ವ್ಯತ್ಯಾಸ ಇಷ್ಟೇ: ಇಲ್ಲಿ ಹೊರಗಡೆ ಬಣ್ಣ ಇದೆ, ಅದು ಬಿರಿಯಬಾರದು. ಹಾಗಾಗಿ ಬಡಿಯುವುದಿಲ್ಲ. ತುದಿ ಉರುಟಾದ ಉಕ್ಕಿನ ಸಲಾಕೆಯನ್ನು ಒಳಗೆ ತೂರಿಸಿ, ನೆಗ್ಗಿನ ಹಿಂಬದಿಗೆ ತಾಗಿಸಿ, ಸ್ವಲ್ಪ ಸ್ವಲ್ಪವೇ ಒತ್ತುತ್ತಾರೆ. ಒಂದೇ ಜೋರಿಗೆ ಒತ್ತಿದರೆ ತಗ್ಗಿದ್ದಲ್ಲಿ ಮೊಡವೆ ಏಳುತ್ತದೆ. ತಾಳ್ಮೆಯವರು ಅಂಚಿನಿಂದ ನಡುವಿಗೆ ನೂರಾರು ಸಣ್ಣ ಒತ್ತುಗಳಲ್ಲಿ ಬರುತ್ತಾರೆ. ನೆಗ್ಗಿನ ಸುತ್ತ ಲೋಹ ಉಬ್ಬಿ ಒಂದು ದಂಡೆ ಎದ್ದಿರುತ್ತದೆ. ಅದನ್ನು ಹೊರಗಿನಿಂದ ಪ್ಲಾಸ್ಟಿಕ್ ತುದಿಯ ಕಡ್ಡಿಯಲ್ಲಿ ಮೆಲ್ಲಗೆ ತಟ್ಟಿ ಇಳಿಸಬೇಕು. ಆ ದಂಡೆ ಇಳಿಯದೆ ತಗ್ಗು ಮೇಲೆ ಬರುವುದಿಲ್ಲ.

ಕಣ್ಣಿಗೆ ಕಾಣದಷ್ಟು ಸಣ್ಣ ಏರುತಗ್ಗು ಗೊತ್ತಾಗುವುದು ಬೆಳಕಿನಿಂದ. ಗೆರೆಗಳಿರುವ ಒಂದು ಲೈಟನ್ನು ಪಕ್ಕದಲ್ಲಿಟ್ಟು ಅದರ ಪ್ರತಿಬಿಂಬವನ್ನು ಟ್ಯಾಂಕಿನ ಮೇಲೆ ನೋಡುತ್ತಾರೆ. ಗೆರೆ ಬಾಗಿದಲ್ಲಿ ಲೋಹ ಇನ್ನೂ ಸರಿಯಾಗಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್ ಕೊಳ್ಳುವಾಗ ಪಾಲಿಶ್ ಆದ ಹಲಗೆಯನ್ನು ಬೆಳಕಿಗೆ ಓರೆ ಹಿಡಿದು ನೋಡಿದವರಿಗೆ ಈ ಮಾತು ಚೆನ್ನಾಗಿ ಅರ್ಥವಾದೀತು. ಕೈಯಲ್ಲಿ ಸವರಿದರೆ ನುಣುಪು, ಬೆಳಕಿಗೆ ಹಿಡಿದರೆ ಐಬು ಎದ್ದು ಕಾಣುತ್ತದೆ.

ಕಾರಿನ ಬಾಗಿಲಿಗೆ ಇದು ಸುಲಭ, ಬೈಕಿನ ಟ್ಯಾಂಕಿಗೆ ಕಷ್ಟ. ಟ್ಯಾಂಕ್ ನಾಲ್ಕೂ ಕಡೆ ಮುಚ್ಚಿದ ಡಬ್ಬಿ. ಹೊರಗಿನ ಹಾಳೆ ಸುಮಾರು ಒಂದು ಮಿಲಿಮೀಟರಿನಷ್ಟೇ ದಪ್ಪ, ಎಲ್ಲ ಕಡೆ ಬಾಗಿದ ಆಕಾರ, ನಡುವೆ ಬೈಕಿನ ಚೌಕಟ್ಟಿನ ಮೇಲೆ ಕೂರಲು ಒಳಮುಖವಾದ ಒಂದು ಕಾಲುವೆ. ಸಲಾಕೆ ಹೋಗುವ ದಾರಿ ಎಂದರೆ ಪೆಟ್ರೋಲ್ ಹಾಕುವ ಬಾಯಿ, ಕೆಳಗಿನ ಕಾಕ್ ಕೂರುವ ತೂತು, ಕೆಲವು ಬೈಕುಗಳಲ್ಲಿ ಮೀಟರಿನ ಫ್ಲೋಟ್ ಕೂರುವ ತೂತು. ಹಳೆಯ ಸ್ಪ್ಲೆಂಡರಿನಲ್ಲೋ ಆರ್‌ಎಕ್ಸ್ 100ರಲ್ಲೋ ಮೊಣಕಾಲು ತಾಗುವ ಜಾಗದ ನೆಗ್ಗಿಗೆ ಆ ಬಾಯಿಯಿಂದ ಸಲಾಕೆ ಮುಟ್ಟಿಸುವುದು ಬಾಟಲಿಯೊಳಗೆ ಕಡ್ಡಿ ಹಾಕಿ ಮೂಲೆ ತಿಕ್ಕಿದ ಹಾಗೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಹೆಚ್ಚಿನ ಬೈಕುಗಳಿಗೆ ಫ್ಯೂಯಲ್ ಇಂಜೆಕ್ಷನ್ ಬಂತು. ಅವುಗಳಲ್ಲಿ ಹಲವಕ್ಕೆ ಪಂಪ್ ಟ್ಯಾಂಕಿನೊಳಗೇ ಇರುತ್ತದೆ. ಆ ಪಂಪ್ ಬಿಚ್ಚಿದರೆ ಅಡಿಯಲ್ಲಿ ಸಾಕಷ್ಟು ದೊಡ್ಡ ಬಾಯಿ ಸಿಗುತ್ತದೆ. ಹೊಸ ಬೈಕ್ ಅಂದರೆ ರಿಪೇರಿ ಕಷ್ಟ ಎಂದು ದೂರುವವರು ಈ ಒಂದು ಅನುಕೂಲ ಮರೆಯಬಾರದು. ಪಂಪ್ ವಾಪಸ್ ಕೂರಿಸುವಾಗ ಅದರ ಸೀಲ್ ಹೊಸದು ಹಾಕಿಸಿ ಅಷ್ಟೇ.

ಸಲಾಕೆ ಮುಟ್ಟದ ಜಾಗಕ್ಕೆ ಇನ್ನೊಂದು ಉಪಾಯ ಅಂಟು. ಬಿಸಿ ಮಾಡಿದ ಅಂಟಿನಿಂದ ಒಂದು ಪ್ಲಾಸ್ಟಿಕ್ ಬಿಲ್ಲೆಯನ್ನು ನೆಗ್ಗಿನ ಮೇಲೆ ಕೂರಿಸಿ, ಆರಿದ ಮೇಲೆ ಸಣ್ಣ ಜಾಕಿನಲ್ಲಿ ಮೇಲಕ್ಕೆ ಎಳೆಯುವುದು, ಆಮೇಲೆ ಸ್ಪಿರಿಟ್ ಹಾಕಿ ಅಂಟು ಬಿಡಿಸುವುದು. ಅಗಲವಾದ, ಆಳವಿಲ್ಲದ ನೆಗ್ಗಿಗೆ ಇದು ಹೊಂದುತ್ತದೆ. ಆದರೆ ಇದಕ್ಕೆ ಕಾರ್ಖಾನೆಯ ಮೂಲ ಬಣ್ಣವೇ ಬೇಕು. ಕಾರ್ಖಾನೆಯಲ್ಲಿ ಟ್ಯಾಂಕಿನ ಬಣ್ಣವನ್ನು 120 ಡಿಗ್ರಿ ಮೀರಿದ ಒಲೆಯಲ್ಲಿ ಬೇಯಿಸಿರುತ್ತಾರೆ, ಅದು ಲೋಹವನ್ನು ಕಚ್ಚಿ ಹಿಡಿದಿರುತ್ತದೆ. ರಸ್ತೆ ಬದಿಯ ಅಂಗಡಿಯಲ್ಲಿ ಹೊಡೆದ ಬಣ್ಣದ ಮೇಲೆ ಬಿಲ್ಲೆ ಅಂಟಿಸಿ ಎಳೆದರೆ ನೆಗ್ಗು ಅಲ್ಲೇ ಉಳಿದು ಬಣ್ಣ ಕಿತ್ತು ಬರುವ ಸಂಭವವೇ ಜಾಸ್ತಿ. ಒಳಗೆ ಪುಟ್ಟಿ ಇದ್ದರಂತೂ ಸಲಾಕೆಯಲ್ಲಿ ಒತ್ತಿದ ಕೂಡಲೇ ಅದು ಬಿರುಕು ಬಿಡುತ್ತದೆ. ನಾನು ಪುಟ್ಟಿ ಬೇಡ ಅನ್ನುವುದಕ್ಕೆ ಮುಖ್ಯ ಕಾರಣ ಇದು. ಒಮ್ಮೆ ಪುಟ್ಟಿ ಮೆತ್ತಿಸಿದ ಜಾಗಕ್ಕೆ ಮುಂದೆ ಎಂಥ ಕೈಚಳಕದವನು ಬಂದರೂ ಬಣ್ಣ ಉಳಿಸಿ ಕೆಲಸ ಮಾಡಲಿಕ್ಕಾಗದು. ನೆಗ್ಗನ್ನು ಹಾಗೇ ಬಿಟ್ಟಿದ್ದರೆ ಐದು ವರ್ಷ ಬಿಟ್ಟಾದರೂ ಮಾಡಿಸಬಹುದಿತ್ತು.

ಆಗದ ಕೆಲಸ ಯಾವುದು ಅಂತಲೂ ಹೇಳಬೇಕು, ಇಲ್ಲದಿದ್ದರೆ ನಾನೂ ಜಾಹೀರಾತು ಬರೆದ ಹಾಗಾಗುತ್ತದೆ. ಬಣ್ಣ ಬಿರಿದಿದ್ದರೆ ಪಿಡಿಆರ್‌ನಿಂದ ಆಕಾರ ಬಂದೀತು, ಬಣ್ಣ ಬಾರದು. ಚೂಪು ಮೂಲೆಗೆ ತಾಗಿ ಮಡಿಕೆ ಬಿದ್ದಲ್ಲಿ ಲೋಹ ಹಿಗ್ಗಿರುತ್ತದೆ. ಹಿಗ್ಗಿದ ಲೋಹ ಪೂರ್ತಿ ಹಿಂದಕ್ಕೆ ಕೂರುವುದಿಲ್ಲ. ಟ್ಯಾಂಕಿನ ಅಂಚು, ಬೆಸುಗೆಯ ಗೆರೆ, ಎರಡು ಹಾಳೆ ಸೇರಿದ ಜಾಗಗಳಲ್ಲಿ ಕೈ ಹಾಕುವುದೇ ಬೇಡ. ಕ್ರೋಮ್ ಲೇಪದ ಹಳೆಯ ಟ್ಯಾಂಕ್ ಬಣ್ಣದಷ್ಟು ಬಾಗುವುದಿಲ್ಲ, ಲೇಪ ಸೀಳುತ್ತದೆ. ಈಗಿನ ಕೆಲವು ಬೈಕುಗಳಲ್ಲಿ ನಾವು ಟ್ಯಾಂಕ್ ಅಂದುಕೊಂಡದ್ದು ಬರೀ ಪ್ಲಾಸ್ಟಿಕ್ ಕವರ್, ಅದನ್ನು ಬದಲಿಸಿದರೆ ಮುಗಿಯಿತು. ಸಲಾಕೆಯಿಂದ ಮಾಡುವ ಒಳ್ಳೆಯ ಕೆಲಸಕ್ಕೂ ಒಂದು ಅಡ್ಡ ಪರಿಣಾಮ ಇದೆ. ಹಲವು ಟ್ಯಾಂಕುಗಳ ಒಳಗೆ ತುಕ್ಕು ತಡೆಯಲು ಸತುವಿನದ್ದೋ ತವರದ್ದೋ ತೆಳು ಲೇಪ ಇರುತ್ತದೆ. ಕಲಾಯಿ ಹಾಕಿದ ಪಾತ್ರೆಯನ್ನು ಕಬ್ಬಿಣದ ಸೌಟಿನಲ್ಲಿ ಕೆರೆದರೆ ಏನಾಗುತ್ತದೆ ಅಂತ ನಮ್ಮ ಮನೆಯ ಹಿರಿಯ ಹೆಂಗಸರಿಗೆ ಗೊತ್ತು. ಸಲಾಕೆಯ ತುದಿಗೆ ಮೆತ್ತನೆ ಟೇಪ್ ಸುತ್ತಿಲ್ಲದಿದ್ದರೆ ಇಲ್ಲೂ ಅದೇ ಆಗುತ್ತದೆ. ಈಗ ಬಂಕಿನ ಪೆಟ್ರೋಲಿಗೆ 20 ಪ್ರತಿಶತದವರೆಗೆ ಎಥನಾಲ್ ಬೆರೆಸುತ್ತಾರೆ. ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಅದರಿಂದ ವ್ಯಾಪಾರ ಬಂದಿದೆ, ಒಳ್ಳೆಯದೇ. ಆದರೆ ಎಥನಾಲಿಗೆ ಗಾಳಿಯ ತೇವ ಎಳೆದುಕೊಳ್ಳುವ ಗುಣ. ಲೇಪ ಕಿತ್ತುಹೋದ ಟ್ಯಾಂಕನ್ನು ಅರ್ಧ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಿದರೆ ಒಳಗೆ ತುಕ್ಕು ಬರುತ್ತದೆ. ಊರಿಗೆ ವರ್ಷಕ್ಕೊಮ್ಮೆ ಬರುವ ಗಲ್ಫಿನವರ ಬೈಕುಗಳು ನಿಲ್ಲುವುದು ಹೀಗೆಯೇ.

ಇನ್ನು ಪ್ರಾಣಕ್ಕೆ ಸಂಬಂಧಪಟ್ಟ ವಿಷಯ. ಟ್ಯಾಂಕಿನ ನೆಗ್ಗು ತೆಗೆಯಲು ಗ್ಯಾಸ್ ಕಟರ್, ವೆಲ್ಡಿಂಗ್ ಹಿಡಿಯುವವರು ಇಂದಿಗೂ ಇದ್ದಾರೆ. ತಗ್ಗಿನ ಮೇಲೆ ಒಂದು ಮೊಳೆ ಬೆಸೆದು, ಹಿಡಿದು ಎಳೆದು, ಆಮೇಲೆ ಮೊಳೆ ಕತ್ತರಿಸುವುದು. "ಪೆಟ್ರೋಲ್ ಪೂರಾ ಖಾಲಿ ಮಾಡಿದ್ದೇವೆ" ಎಂಬುದು ಅವರ ಧೈರ್ಯ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ. ಉರಿಯುವುದು ದ್ರವ ಅಲ್ಲ, ಅದರ ಆವಿ. ಗಾಳಿಯಲ್ಲಿ ಪೆಟ್ರೋಲ್ ಆವಿ ನೂರಕ್ಕೆ ಸುಮಾರು ಒಂದೂವರೆ ಪಾಲಿನಿಂದ ಏಳೂವರೆ ಪಾಲಿನವರೆಗೆ ಬೆರೆತಿದ್ದರೆ ಒಂದು ಕಿಡಿ ಸಾಕು. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವೇ ಕಡಿಮೆ, ಖಾಲಿ ಮಾಡಿದ ಟ್ಯಾಂಕಿನಲ್ಲಿ ಗಾಳಿಯೂ ಇದೆ, ಆವಿಯೂ ಇದೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ವಸ್ತು ಪೆಟ್ರೋಲ್, ಬಾಗಲಕೋಟೆಯ ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಹೇಳುವುದೇ ಬೇಡ. ಆ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಹಾಗಾಗಿ ಮುಚ್ಚಳ ತೆಗೆದು ರಾತ್ರಿಯಿಡೀ ಬಿಟ್ಟರೂ ಅಡಿಯಲ್ಲಿ ಕೂತೇ ಇರುತ್ತದೆ. ಸೋರುವ ಟ್ಯಾಂಕನ್ನು ಬೆಸೆಯಲೇಬೇಕಾದರೆ ಚೆನ್ನಾಗಿ ತೊಳೆದು, ಬೆಸೆಯುವ ಜಾಗ ಮಾತ್ರ ಬಿಟ್ಟು ಉಳಿದಷ್ಟಕ್ಕೆ ನೀರು ತುಂಬಿಯೋ ಉರಿಯದ ಅನಿಲ ತುಂಬಿಯೋ ಮಾಡುವವರ ಬಳಿ ಮಾತ್ರ ಹೋಗಿ. ನೆಗ್ಗಿನ ಚಂದಕ್ಕೋಸ್ಕರ ಬೆಂಕಿ ಹಿಡಿಸುವವರ ಅಂಗಡಿಯಿಂದ ಟ್ಯಾಂಕ್ ವಾಪಸ್ ತನ್ನಿ. ಅಲ್ಲಿ ಬೆಂಕಿಯ ಎದುರು ಕೂರುವುದು ನೀವಲ್ಲ, ಹದಿನೆಂಟು ತುಂಬದ ಒಬ್ಬ ಹುಡುಗ ಇರಬಹುದು.

ಪಿಡಿಆರ್‌ನವರೂ ಬಣ್ಣ ಮೆತ್ತಗಾಗಲೆಂದು ಬಿಸಿಗಾಳಿಯ ಗನ್ ಹಿಡಿಯುತ್ತಾರೆ. ಚಳಿಗಾಲದ ಬೆಳಿಗ್ಗೆ ತಣ್ಣಗಿನ ಬಣ್ಣ ಬೇಗ ಬಿರಿಯುತ್ತದೆ, ಅದಕ್ಕೆ. ಅದು ತಪ್ಪಲ್ಲ, ಆದರೆ ಟ್ಯಾಂಕನ್ನು ಬೈಕಿನಿಂದ ಬಿಚ್ಚಿ, ಖಾಲಿ ಮಾಡಿ, ತೊಳೆದು, ಒಣಗಿಸಿದ ನಂತರವೇ ಗನ್ ಹಿಡಿಯಬೇಕು. "ಬಿಚ್ಚುವುದು ಬೇಡ, ಹೀಗೇ ಐದು ನಿಮಿಷದಲ್ಲಿ" ಅನ್ನುವವನನ್ನು ನಂಬಬೇಡಿ. ಮೊಬೈಲಿನಲ್ಲಿ ಓಡಾಡುವ ವಿಡಿಯೋಗಳ ಕಥೆಯೂ ಇಷ್ಟೇ. ಕುದಿಯುವ ನೀರು ಸುರಿದು ಮಂಜುಗಡ್ಡೆ ತಿಕ್ಕುವುದು, ಸಿಂಕ್ ಕ್ಲೀನ್ ಮಾಡುವ ರಬ್ಬರಿನಲ್ಲಿ ಎಳೆಯುವುದು ಕಾರಿನ ದೊಡ್ಡ ಪ್ಲಾಸ್ಟಿಕ್ ಬಂಪರಿಗೆ ಒಮ್ಮೊಮ್ಮೆ ನಡೆದೀತು, ಬಾಗಿದ ಉಕ್ಕಿನ ಟ್ಯಾಂಕಿಗೆ ನಡೆಯುವುದಿಲ್ಲ. ಕಂಪ್ರೆಸರ್ ಹಚ್ಚಿ ಗಾಳಿ ತುಂಬಿ ನೆಗ್ಗು ಹೊರಗೆ ಬರಿಸುವ ವಿಡಿಯೋ ಇದೆಯಲ್ಲ, ಅದು ಎಲ್ಲಕ್ಕಿಂತ ಕೆಟ್ಟದ್ದು. ಟ್ಯಾಂಕ್ ಒತ್ತಡಕ್ಕೆ ಮಾಡಿದ ವಸ್ತು ಅಲ್ಲ. ನೆಗ್ಗು ಹೊರಗೆ ಬರುವ ಮೊದಲು ಅಡಿ ಉಬ್ಬೀತು, ಬೆಸುಗೆ ಬಿಟ್ಟೀತು.

ಖರ್ಚಿನ ಲೆಕ್ಕ ಬೇರೆ ಬೇರೆ ಊರಲ್ಲಿ ಬೇರೆ ಬೇರೆ. ಆದರೆ ಇನ್ಶೂರೆನ್ಸ್ ಕ್ಲೇಮ್ ಮಾಡುವವರು ಒಂದು ವಿಷಯ ಗಮನಿಸಿ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20 ಪ್ರತಿಶತ, ಹೀಗೇ ಏರುತ್ತ ಐದು ವರ್ಷಕ್ಕೆ 50 ಪ್ರತಿಶತ ರಿಯಾಯಿತಿ ಸಿಗುವುದು ನಮ್ಮ ಸ್ವಂತ ಗಾಡಿಯ ಹಾನಿಯ ಭಾಗದ ಪ್ರೀಮಿಯಮ್ಮಿಗೆ. ಒಂದು ಸಣ್ಣ ನೆಗ್ಗಿಗೆ ಕ್ಲೇಮ್ ಹಾಕಿದರೆ ಅದು ಮತ್ತೆ ಸೊನ್ನೆಗೆ ಬರುತ್ತದೆ. ಎಷ್ಟು ಸಿಗುತ್ತದೆ, ಎಷ್ಟು ಹೋಗುತ್ತದೆ ಎಂದು ಕಾಗದದ ಮೇಲೆ ಬರೆದು ನೋಡಿದ ಮೇಲೆ ಫಾರಂ ತುಂಬಿ. ಹೇಗೂ ಬಣ್ಣ ಹಾಕಿಸುತ್ತಿದ್ದೇವಲ್ಲ ಅಂತ ಬೈಕಿನ ಬಣ್ಣವನ್ನೇ ಬದಲಿಸುವ ಹುಡುಗರಿಗೆ ಇನ್ನೊಂದು ಮಾತು: ಆರ್‌ಸಿಯಲ್ಲಿ ಬಣ್ಣವೂ ಬರೆದಿರುತ್ತದೆ. ಕೆಎ 19 ಆಗಲಿ ಕೆಎ 29 ಆಗಲಿ, ಆರ್‌ಟಿಓದಲ್ಲಿ ತಿದ್ದಿಸದೆ ಓಡಿಸಿದರೆ ತಪಾಸಣೆಯಲ್ಲಿ ಉತ್ತರ ಹೇಳಬೇಕಾಗುತ್ತದೆ.

ಹಾಗೇ ಬಿಡುವುದು ಅಂದೆ. ಈ ಮಾತಿಗೆ ಮನೆಗಳಲ್ಲಿ ಬೆಲೆ ಇಲ್ಲ. ನೆಗ್ಗಿದ ಟ್ಯಾಂಕ್ ಕಂಡರೆ ನೆರೆಯವರು ಏನಂದಾರು, ಮಗ ಬೈಕ್ ಬೀಳಿಸಿದ ಅಂತ ಊರಿಗೆಲ್ಲ ಗೊತ್ತಾದೀತು ಎಂಬ ಸಂಕೋಚ. ಬೈಕ್ ಓಡಿಸಿದರೆ ಬೀಳುತ್ತದೆ ಮಾರಾಯ್ರೆ. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಟ್ಯಾಂಕಿಗೆ ತಾಗುತ್ತದೋ, ಕೆಳಗೆ ಪೆಟ್ರೋಲ್ ಜಿನುಗುತ್ತದೋ, ಮುಚ್ಚಳ ಸರಿಯಾಗಿ ಕೂರುತ್ತದೋ ನೋಡಿ. ಈ ಮೂರೂ ಸರಿ ಇದ್ದರೆ ನೆಗ್ಗು ಕಣ್ಣಿಗೆ ಮಾತ್ರ, ಗಾಡಿಗೆ ಅಲ್ಲ. ಬಣ್ಣ ಎಲ್ಲಾದರೂ ಸಣ್ಣದಾಗಿ ಎದ್ದಿದ್ದರೆ ಮಾತ್ರ ಊರಿನ ಹವೆ ಲೆಕ್ಕಕ್ಕೆ ಬರುತ್ತದೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಬಾಗಲಕೋಟೆ ಕಡೆ ಅದು ಎಷ್ಟೋ ಕಾಲ ಹಾಗೇ ಇದ್ದೀತು. ಅದರ ಐದಾರು ಪಟ್ಟು ಮಳೆಯ ಜೊತೆ ಉಪ್ಪುಗಾಳಿಯೂ ಇರುವ ನಮ್ಮ ಕಡೆ ಒಂದೇ ಮಳೆಗಾಲದಲ್ಲಿ ತುಕ್ಕು ಬಣ್ಣದಡಿ ಹರಿಯುತ್ತದೆ. ಆ ಚುಕ್ಕೆಗೆ ಮಾತ್ರ ಸಣ್ಣ ಬ್ರಷ್ಷಿನಲ್ಲಿ ಟಚ್-ಅಪ್ ಬಣ್ಣ ಜೂನಿನ ಮೊದಲು ಹಚ್ಚಿಬಿಡಿ. ಅಷ್ಟಕ್ಕೆ ಇಡೀ ಟ್ಯಾಂಕ್ ಉಜ್ಜಿಸಬೇಕಾಗಿಲ್ಲ. ಬಾದಾಮಿಗೆ ಹೊರಡುವವರು ಟ್ಯಾಂಕಿನ ಮೇಲೆ ಅಯಸ್ಕಾಂತದ ಬ್ಯಾಗ್ ಕೂರಿಸುವ ಮೊದಲು ಧೂಳು ಒರೆಸಿ. ಅಮೀನಗಡದ ಕರದಂಟು ತುಂಬಿಸಿ ತಂದ ಆ ಬ್ಯಾಗಿನ ಅಡಿಯ ಮರಳು ಬಿದ್ದ ಪೆಟ್ಟಿಗಿಂತ ಹೆಚ್ಚು ಬಣ್ಣ ತಿಂದಿರುತ್ತದೆ.

ಹಳೆಯ ಬೈಕಿನ ವಿಷಯದಲ್ಲಂತೂ ಮೂಲ ಬಣ್ಣವೇ ಆಸ್ತಿ. 1985ರಿಂದ 1996ರವರೆಗೆ ಬಂದ ಯಮಹಾ ಆರ್‌ಎಕ್ಸ್ 100, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೆ ತಯಾರಾದ ಯೆಜ್ಡಿ, ಇವುಗಳಿಗೆ ಇಂದು ಕೇಳುವವರು ಬಹಳ. ಬುಲೆಟ್ಟಿನ ಟ್ಯಾಂಕಿನ ಮೇಲಿನ ಚಿನ್ನದ ಗೆರೆಯನ್ನು ಚೆನ್ನೈಯ ಕಾರ್ಖಾನೆಯಲ್ಲಿ ಕೈಯಲ್ಲೇ ಎಳೆದಿರುತ್ತಾರೆ. ಅದನ್ನು ಉಜ್ಜಿ ತೆಗೆದು ಸ್ಟಿಕ್ಕರ್ ಅಂಟಿಸಿ "ಕಂಪೆನಿ ಫಿನಿಶ್" ಅಂದರೆ ನನಗೆ ಸಿಟ್ಟು ಬರುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಒಂದು ಸಣ್ಣ ಅಯಸ್ಕಾಂತವನ್ನು ತೆಳುಬಟ್ಟೆಯಲ್ಲಿ ಸುತ್ತಿ ಟ್ಯಾಂಕಿನ ಮೇಲೆಲ್ಲ ಆಡಿಸಿ ನೋಡಿ. ಉಕ್ಕಿನ ಟ್ಯಾಂಕಿನ ಮೇಲೆ ಎಲ್ಲ ಕಡೆ ಒಂದೇ ಸಮ ಹಿಡಿಯಬೇಕು. ಎಲ್ಲಿ ಹಿಡಿತ ಸಡಿಲವಾಗುತ್ತದೋ ಅಲ್ಲಿ ಪುಟ್ಟಿ ಇದೆ. ಮಾರುವವರಿಗೂ ಒಂದು ಮಾತು. ಬಣ್ಣ ಮುಟ್ಟದೆ ನೆಗ್ಗು ತೆಗೆಸಿದ್ದನ್ನು ಯಾರೂ ಕಂಡುಹಿಡಿಯಲಾರರು, ಹೇಳಬೇಕಾಗಿಲ್ಲ ಎಂದು ಕೆಲವರು ವಾದಿಸುತ್ತಾರೆ. ಹೇಳಿ ಮಾರಿ. ಸರಕಿನ ಐಬು ಮುಚ್ಚಿಡಬಾರದು ಎಂದು ನಮ್ಮ ವ್ಯಾಪಾರಿ ಮನೆಗಳಿಗೆ ಪತ್ರಿಕೆ ಕಲಿಸಬೇಕಾಗಿಲ್ಲ. ಹೇಳಿದರೆ ಬೆಲೆ ಅಷ್ಟೇನೂ ಇಳಿಯುವುದಿಲ್ಲ, ಯಾಕೆಂದರೆ ಕೊಳ್ಳುವವನಿಗೆ ಮೂಲ ಬಣ್ಣದ ಟ್ಯಾಂಕ್ ಸಿಗುತ್ತಿದೆ.

ಕೊನೆಯದಾಗಿ ಕೆಲಸ ಕಲಿಯುವ ಹುಡುಗರ ವಿಷಯ. ದೊಡ್ಡ ನಗರಗಳಲ್ಲಿ ಪಿಡಿಆರ್‌ನವರು ಇದ್ದಾರೆ, ಅವರಿಗೂ ಕಾರಿನ ಕೆಲಸವೇ ಹೆಚ್ಚು, ಟ್ಯಾಂಕ್ ಅಂದರೆ ಹಲವರು ಕೈ ಎತ್ತುತ್ತಾರೆ. ಇಳಕಲ್ಲಿನಿಂದ ಒಂದು ಟ್ಯಾಂಕ್ ಬಿಚ್ಚಿ ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸುವ ಬದಲು ಹತ್ತಿರದಲ್ಲೇ ಒಬ್ಬ ಇದ್ದರೆ ಬದುಕಿಕೊಳ್ಳುತ್ತಾನೆ. ಇದಕ್ಕೆ ಬೇಕಾದ್ದು ಸಲಾಕೆಗಳ ಒಂದು ಸೆಟ್, ಗೆರೆ ಲೈಟು, ಅಂಟಿನ ಗನ್ನು ಮತ್ತು ತಾಳ್ಮೆ. ಪೇಂಟ್ ಬೂತ್ ಬೇಡ, ಬಣ್ಣದ ಧೂಳು ಕುಡಿಯುವ ಕರ್ಮವೂ ಇಲ್ಲ. ಟಿಂಕರಿಂಗ್ ಕಲಿತ ಹುಡುಗನಿಗೆ ಕೈ ಅರ್ಧ ಪಳಗಿರುತ್ತದೆ, ಆದರೆ ಬಡಿಯುವ ಅಭ್ಯಾಸ ಮೊದಲು ಬಿಡಬೇಕು. ಗುಜರಿ ಅಂಗಡಿಯಿಂದ ಹತ್ತಿಪ್ಪತ್ತು ಹಳೆಯ ಟ್ಯಾಂಕ್ ತಂದು, ಚೆನ್ನಾಗಿ ತೊಳೆದು, ತಾನೇ ನೆಗ್ಗಿಸಿ ತಾನೇ ತೆಗೆದು ಆರು ತಿಂಗಳು ಕಲಿಯಲಿ. ಅಷ್ಟರ ಮೇಲೆ ಗಿರಾಕಿಯ ಟ್ಯಾಂಕ್ ಮುಟ್ಟಲಿ. ಗಲ್ಫಿನಲ್ಲಿ ಈ ಕೆಲಸ ಮಾಡಿ ಊರಿಗೆ ಮರಳಿ, ಮುಂದೇನು ಅಂತ ಯೋಚಿಸುತ್ತಿರುವವರು ಅಂಥ ಒಬ್ಬಿಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಸಾಕು. ಅವರ ಅಂಗಡಿಯ ಬೋರ್ಡಿನ ಮೇಲೆ ಯಾವ ನೆಗ್ಗು ತೆಗೆಯುತ್ತೇವೆ ಎನ್ನುವುದರ ಜೊತೆಗೆ ಯಾವುದು ಆಗುವುದಿಲ್ಲ ಎಂದೂ ಬರೆದಿರಲಿ.